ಇನ್ನೊಂದು ಗಾಡಿಯ ಪಾವು

ಗುಜರಿ ಗಾಡಿಯಿಂದ ಬಿಚ್ಚಿ ತಂದ ನಾಲ್ಕು ಇಂಜೆಕ್ಟರುಗಳು ಹಳೆಯ ಬನಿಯನ್ ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು. ಒಂದೊಂದೂ ಕಿರುಬೆರಳಿಗಿಂತ ತುಸು ದಪ್ಪ, ಮೇಲೊಂದು ರಬ್ಬರ್ ರಿಂಗು, ಕೆಳಗೊಂದು, ಪಕ್ಕದಲ್ಲಿ ವೈರು ಸಿಕ್ಕಿಸುವ ಸಾಕೆಟ್ಟು. ಗಿರಾಕಿಯ ಕಾರಿನದು 1.2 ಲೀಟರಿನ ಪೆಟ್ರೋಲ್ ಎಂಜಿನ್. ಈ ಇಂಜೆಕ್ಟರುಗಳು ಬೇರೆ ಕಂಪನಿಯ, ಬೇರೆ ಎಂಜಿನ್‌ನವು. "ಸರಿಯಾಗಿ ಕೂರುತ್ತೆ ಅಣ್ಣಾ, ನಾನೇ ಇಟ್ಟು ನೋಡಿದೀನಿ" ಎಂದರು ಗಿರಾಕಿ. ಮೆಕ್ಯಾನಿಕ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತುದಿ ನೋಡಿದರು. "ಕೂರುತ್ತೆ ಸಾರ್. ಎಷ್ಟು ಸುರಿಯುತ್ತೆ ಅಂತ ನೋಡಬೇಕಲ್ಲ."

ಆ ದಿನವೆಲ್ಲ ನಾನು ಆ ಗ್ಯಾರೇಜಿನಲ್ಲೇ ಕುಳಿತಿದ್ದೆ. ಇಂಜೆಕ್ಟರ್ ಬದಲಿಸುವುದೆಂದರೆ ಬೋಲ್ಟು ಬಿಚ್ಚಿ ಹಾಕುವ ಕೆಲಸ ಎಂದುಕೊಂಡಿದ್ದವನಿಗೆ, ಅದು ಮೊದಲಿನಿಂದ ಕೊನೆಯವರೆಗೆ ಅಳತೆಯ ಕೆಲಸ ಎಂದು ಕಂಡಿತು.

ನಮ್ಮ ಅಜ್ಜಿಯರ ಕಾಲದಲ್ಲಿ ಅಕ್ಕಿ ಅಳೆಯಲು ಸೇರು, ಪಾವು, ಚಟಾಕುಗಳಿದ್ದವು. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಇರುತ್ತಿರಲಿಲ್ಲ. ಎರಡು ಪಾವು ಅಕ್ಕಿಗೆ ಇಷ್ಟು ನೀರು ಎಂದು ಕೈಗೆ ರೂಢಿಯಾದವರಿಗೆ ಬೇರೆ ಊರಿನ ಪಾವು ಕೊಟ್ಟರೆ ಅನ್ನ ಮುದ್ದೆಯಾಗುತ್ತದೆ, ಇಲ್ಲವೇ ಅರೆಬೇಯುತ್ತದೆ. ಇಂಜೆಕ್ಟರ್ ಎಂಜಿನ್ನಿನ ಪಾವು. ಎಂಜಿನ್ ನಡೆಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಪೆಟ್ರೋಲ್ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಹೊತ್ತು ಮಾತ್ರ: ಇಷ್ಟು ಮಿಲಿಸೆಕೆಂಡು ಇಂಜೆಕ್ಟರಿನ ಬಾಗಿಲು ತೆರೆದಿದ್ದರೆ ಇಷ್ಟು ಪೆಟ್ರೋಲ್ ಬಿದ್ದಿರುತ್ತದೆ ಎಂಬ ನಂಬಿಕೆ ಮೇಲೆ ಅದರ ಲೆಕ್ಕವೆಲ್ಲ ನಿಂತಿದೆ.

ಆ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬಹುದು. 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಎಂದರೆ ಸಿಲಿಂಡರಿಗೆ 300 ಸಿಸಿ. ಪೂರ್ತಿ ಉಸಿರೆಳೆದರೆ ಒಳಬರುವ ಗಾಳಿ ಸುಮಾರು 0.36 ಗ್ರಾಂ. ಜೋರಾಗಿ ಎಳೆಯುವಾಗ ಹನ್ನೆರಡೂವರೆ ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಬೇಕು, ಅಂದರೆ 0.039 ಸಿಸಿ ಆಸುಪಾಸು, ಒಂದು ಹನಿಗಿಂತ ಕಡಿಮೆ. ನಿಮಿಷಕ್ಕೆ 150 ಸಿಸಿ ಸುರಿಯುವ ಇಂಜೆಕ್ಟರಿಗೆ ಇದಕ್ಕೆ ಹದಿನಾರು ಮಿಲಿಸೆಕೆಂಡಿನಷ್ಟು ಬೇಕು. 6,000 ಆರ್‌ಪಿಎಂನಲ್ಲಿ ಎರಡು ಸುತ್ತಿನ ಒಂದು ಪೂರ್ತಿ ಆವರ್ತಕ್ಕೆ ಸಿಗುವುದು 20 ಮಿಲಿಸೆಕೆಂಡು. ಎಂಜಿನ್ ಮಾಡಿದವರು ಎಷ್ಟು ಬಿಗಿಯಾಗಿ ಲೆಕ್ಕ ಹಾಕಿ ಇಂಜೆಕ್ಟರ್ ಆರಿಸಿದ್ದಾರೆ ನೋಡಿ. ಚಿಕ್ಕದು ಹಾಕಿದರೆ ಏರಿನಲ್ಲಿ ಎಂಜಿನ್ ಹಸಿಯುತ್ತದೆ. ದೊಡ್ಡದು ಹಾಕಿದರೆ ಐಡಲಿಂಗ್‌ನಲ್ಲಿ ತೊಂದರೆ: ಅಲ್ಲಿ ಬಾಗಿಲು ತೆರೆಯುವುದೇ ಎರಡು-ಮೂರು ಮಿಲಿಸೆಕೆಂಡು, ಅಷ್ಟು ಸಣ್ಣ ಹೊತ್ತಿನಲ್ಲಿ ದೊಡ್ಡ ಪಾವಿನಿಂದ ಚಟಾಕು ಅಳೆಯುವುದು ಕಷ್ಟ.

ಮೆಕ್ಯಾನಿಕ್ ಮೊದಲು ಹಿಡಿದದ್ದು ಮಲ್ಟಿಮೀಟರ್. ಎರಡು ಪಿನ್ನುಗಳ ನಡುವೆ 12ರಿಂದ 16 ಓಮ್ ತೋರಿಸಬೇಕು. ಮಾಮೂಲಿ ಕಾರುಗಳ ಇಸಿಯು ಮಾಡಿರುವುದು ಅದಕ್ಕೆ. ಎರಡು-ಮೂರು ಓಮ್‌ನ ಇಂಜೆಕ್ಟರುಗಳೂ ಇವೆ, ಹೊರಗಿನಿಂದ ಗುರುತು ಹತ್ತುವುದಿಲ್ಲ. 14 ವೋಲ್ಟಿನಲ್ಲಿ ಮೊದಲನೆಯದು ಒಂದು ಆಂಪಿಯರ್ ಎಳೆದರೆ ಎರಡನೆಯದು ಏಳು ಎಳೆಯಬಲ್ಲದು. ಇಸಿಯು ಒಳಗಿನ ಟ್ರಾನ್ಸಿಸ್ಟರ್ ಸುಟ್ಟರೆ ಉಳಿಸಿದ ದುಡ್ಡಿನ ಹತ್ತು ಪಟ್ಟು ಹೋಗುತ್ತದೆ. ನಾಲ್ಕೂ 14ರ ಹತ್ತಿರ ತೋರಿಸಿದವು. ಅವರು ಏನೂ ಹೇಳದೆ ತಲೆಯಾಡಿಸಿದರು.

ಆಮೇಲೆ ಅಂಕಿಯ ತಕರಾರು. ಈ ಇಂಜೆಕ್ಟರು ನಿಮಿಷಕ್ಕೆ 173 ಸಿಸಿಯದು ಎಂದು ಗುಜರಿಯವರು ಹೇಳಿ ಕಳಿಸಿದ್ದರು. ಹಳೆಯದು 150. ನೂರಕ್ಕೆ ಹದಿನೈದು ಹೆಚ್ಚು ಎಂದು ನಾನು ಅಲ್ಲೇ ಕೈಬಿಡುತ್ತಿದ್ದೆ. ಅವರು ಬಿಡಲಿಲ್ಲ. "ಯಾವ ಪ್ರೆಶರಲ್ಲಿ?" ಎಂದು ಕೇಳಿದರು. ಗುಜರಿ ಗಾಡಿಯ ಪೆಟ್ರೋಲ್ ಒತ್ತಡ 4 ಬಾರ್, ಗಿರಾಕಿಯ ಗಾಡಿಯದು 3. ಹರಿವು ಒತ್ತಡಕ್ಕೆ ನೇರವಾಗಿ ಏರುವುದಿಲ್ಲ, ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ನಾಲ್ಕು ಬಾರ್‌ನಲ್ಲಿ 173 ಸುರಿಯುವುದು ಮೂರು ಬಾರ್‌ನಲ್ಲಿ 150 ಸುರಿಯುತ್ತದೆ. ಲೆಕ್ಕ ಕೂಡಿಬಂತು! ವರ್ಗಮೂಲ ಎಂಬ ಮಾತನ್ನು ಅವರು ಬಳಸಲಿಲ್ಲ. ಗೋಡೆಗೆ ಅಂಟಿಸಿದ ಎಣ್ಣೆಗೈ ಮೆತ್ತಿದ ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದರು.

ಪಟ್ಟಿಯನ್ನೂ ಅವರು ಪೂರ್ತಿ ನಂಬುವುದಿಲ್ಲ. ಟೆಸ್ಟ್ ಬೆಂಚಿನಲ್ಲಿ ಗೆರೆ ಕೊರೆದ ಗಾಜಿನ ಕೊಳವೆಗಳು ಸಾಲಾಗಿ ನಿಂತಿರುತ್ತವೆ. ಬೆಂಚಿನಲ್ಲಿ ಹರಿಯುವುದು ಪೆಟ್ರೋಲ್ ಅಲ್ಲ, ಪರೀಕ್ಷೆಗೆಂದೇ ಇರುವ ದ್ರವ. ಹಾಗಾಗಿ ಹೊಸ ನಾಲ್ಕರ ಪಕ್ಕದಲ್ಲೇ, ಹಳೆಯದರಲ್ಲಿ ಚೆನ್ನಾಗಿದ್ದ ಒಂದನ್ನೂ ಸಿಕ್ಕಿಸಿದರು. ಇದು ಯಾವ ಪುಸ್ತಕದಲ್ಲಿದೆಯೋ ಗೊತ್ತಿಲ್ಲ, ಆದರೆ ಇದಕ್ಕಿಂತ ಪ್ರಾಮಾಣಿಕವಾದ ತಕ್ಕಡಿ ನನಗೆ ಹೊಳೆಯುವುದಿಲ್ಲ. 3 ಬಾರ್, ಹದಿನೈದು ಸೆಕೆಂಡು. ಹಳೆಯದು ಮೂವತ್ತೇಳೂವರೆ ಗೆರೆಗೆ ಬಂದು ನಿಂತಿತು. ಹೊಸದರಲ್ಲಿ ಮೂರು ಅದರ ಅರ್ಧ ಗೆರೆ ಆಚೀಚೆ. ಒಂದು ಮಾತ್ರ ಮೂವತ್ತೈದಕ್ಕೇ ನಿಂತಿತು.

ಆ ಒಂದನ್ನು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಇಳಿಬಿಟ್ಟರು. ಒಳಗೆ ಜೀರುಂಡೆಯಂಥ ಸದ್ದು. ಸ್ವಲ್ಪ ಹೊತ್ತಿಗೆ ತುದಿಯಿಂದ ಕಂದು ಹೊಗೆಯಂತೆ ಕಿಟ್ಟ ಬಿಟ್ಟುಕೊಳ್ಳತೊಡಗಿತು. ತಲೆಯೊಳಗಿನ ಸಣ್ಣ ಜರಡಿ ಫಿಲ್ಟರನ್ನು ಸ್ಕ್ರೂ ತಿರುಗಿಸಿ ಎಳೆದು ತೆಗೆದು ಹೊಸದು ಕೂರಿಸಿದರು. ಮತ್ತೆ ಬೆಂಚು: ಮೂವತ್ತೇಳು. ನಾಲ್ಕು ಒಂದಕ್ಕೊಂದು ಸಮ ಇರುವುದು, ನಾಲ್ಕೂ ತುಸು ಹೆಚ್ಚು ಕಡಿಮೆ ಇರುವುದಕ್ಕಿಂತ ಮುಖ್ಯ. ಒಟ್ಟಾರೆ ಹೆಚ್ಚು ಕಡಿಮೆಯನ್ನು ಇಸಿಯು ಸೈಲೆನ್ಸರ್ ಕೊಳವೆಯ ಆಕ್ಸಿಜನ್ ಸೆನ್ಸರ್ ನೋಡಿ ತಿದ್ದಿಕೊಳ್ಳುತ್ತದೆ. ಒಂದೇ ಸಿಲಿಂಡರ್ ಬಡವಾದರೆ ತಿದ್ದುಪಡಿ ನಾಲ್ಕಕ್ಕೂ ಹಂಚಿಹೋಗಿ, ಆ ಒಂದು ಬಡವಾಗಿಯೇ ಉಳಿಯುತ್ತದೆ; ಗಾಡಿ ನಡುಗುತ್ತದೆ.

ಸುರಿಯುವ ಬಗೆಯೂ ಇದೆ. ಸಿಲಿಂಡರಿಗೆ ಎರಡು ಇನ್‌ಲೆಟ್ ವಾಲ್ವಿದ್ದರೆ ಸ್ಪ್ರೇ ಎರಡು ಕವಲಾಗಿ ಹೋಗಬೇಕು, ಒಂದೊಂದು ಕವಲು ಒಂದೊಂದು ವಾಲ್ವಿನ ಬೆನ್ನಿಗೆ. ಒಂದೇ ಕವಲಿನದು ಹಾಕಿದರೆ ನಡುವಿನ ಗೋಡೆ ಒದ್ದೆಯಾಗುತ್ತದೆ, ಅಲ್ಲಿಂದ ಹನಿ ಹನಿಯಾಗಿ ಒಳಗಿಳಿಯುತ್ತದೆ. ಎರಡು ಕವಲಿದ್ದರೂ ತಿರುಗಿ ಕೂತರೆ ಅದೇ ಗತಿ. ಅವರು ಲೈಟ್ ಹಾಕಿ ಮಂಜಿನಂಥ ಆ ಜೋಡಿ ಕವಲನ್ನು ನನಗೆ ತೋರಿಸಿದಾಗ, ಕೈಯಲ್ಲಿದ್ದ ಟೀ ಆರಿದ್ದೇ ತಿಳಿಯಲಿಲ್ಲ.

ಡೀಸೆಲ್‌ನಲ್ಲಿ ಇದೇ ಕೆಲಸ ಇನ್ನೂ ಸೂಕ್ಷ್ಮ. ಬೆಂಗಳೂರಿಗೆ ಡೀಸೆಲ್ ಪಂಪು, ನಾಜಲ್ ಹೊಸ ವಿಷಯವಲ್ಲ. 1951ರಲ್ಲಿ ಶುರುವಾದ ಮೈಕೋ ಕಂಪನಿ ಆಡುಗೋಡಿಯಲ್ಲಿ ಅವನ್ನೇ ಮಾಡುತ್ತ ಬಂತು, ಒಂದು ಬಡಾವಣೆಗೇ ಆ ಹೆಸರು ನಿಂತಿತು. ಅದಲುಬದಲಿನ ಆಸೆ ಹುಟ್ಟಿಸಿದ ಎಂಜಿನ್ ಮಾತ್ರ ಫಿಯೆಟ್ಟಿನ 1,248 ಸಿಸಿ ಮಲ್ಟಿಜೆಟ್. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಲಿನಿಯಾ, ಎಲ್ಲದರ ಡೀಸೆಲ್ ಮಾದರಿಗಳ ಬಾನೆಟ್ಟಿನಡಿ ಅದೇ ಇತ್ತು. ಹಾಗಿದ್ದರೆ ಒಂದರ ಇಂಜೆಕ್ಟರು ಇನ್ನೊಂದಕ್ಕೆ ಬರಬೇಕಲ್ಲ? ಅಲ್ಲೇ ಎಡವುವುದು. ವರ್ಷ, ಬಿಎಸ್ ಮಟ್ಟ, ಹಾರ್ಸ್‌ಪವರ್ ಬದಲಾದಂತೆ ಪಾರ್ಟ್ ನಂಬರ್ ಬದಲಾಗಬಹುದು. ಮೈಮೇಲಿನ ನಂಬರು ಓದದೆ ಮುಟ್ಟಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಕಾರಿನ ಟೈರಿನೊಳಗಿರುವುದು ಎರಡರ ಹತ್ತಿರ. ಮುಖ್ಯ ಸ್ಪ್ರೇಗೆ ಮುಂಚೆ ಸದ್ದು ತಗ್ಗಿಸಲು ಬೀಳುವ ಚಿಟಿಕೆ ಡೀಸೆಲ್ ಒಂದೆರಡು ಘನ ಮಿಲಿಮೀಟರ್. ಅಷ್ಟು ಸಣ್ಣದನ್ನು ಎರಡು ಇಂಜೆಕ್ಟರುಗಳು ಒಂದೇ ಸಮ ಅಳೆಯುವಂತೆ ಕಾರ್ಖಾನೆಯಲ್ಲೂ ಮಾಡಲಾಗುವುದಿಲ್ಲ. ಹಾಗಾಗಿ ಒಂದೊಂದನ್ನೂ ಪರೀಕ್ಷಿಸಿ, ಅದರ ಸ್ವಭಾವವನ್ನು ಅಕ್ಷರ-ಅಂಕಿಗಳ ಕೋಡಾಗಿ ತಲೆಯ ಮೇಲೆ ಬರೆದಿಡುತ್ತಾರೆ. ಇಂಜೆಕ್ಟರ್ ಬದಲಿಸಿದರೆ ಆ ಕೋಡನ್ನು ಸ್ಕ್ಯಾನರಿನಿಂದ ಇಸಿಯುಗೆ ಬರೆಯಬೇಕು, ಯಾವ ಸಿಲಿಂಡರಿಗೆ ಯಾವುದು ಎಂದು ನೋಡಿ. ಬರೆಯದಿದ್ದರೂ ಗಾಡಿ ಹೊರಡುತ್ತದೆ. ಆದರೆ ಟಕಟಕ ಬಡಿತ, ಹೊಗೆ, ನಡುಕ. ಜೊತೆಗೆ ಅಡಿಯ ತಾಮ್ರದ ವಾಷರ್ ಹೊಸದೇ ಆಗಬೇಕು. ಹಳೆಯದನ್ನೇ ಹಾಕಿದರೆ ಉರಿದ ಗಾಳಿ ಸಂದಿಯಿಂದ ಮೇಲೇರಿ, ಕರಿ ಟಾರಿನಂತೆ ಗಟ್ಟಿಯಾಗಿ ಇಂಜೆಕ್ಟರನ್ನೇ ಹೆಡ್ಡಿಗೆ ಬೆಸೆದುಬಿಡುತ್ತದೆ.

ಸಂಜೆ ಐದರ ಹೊತ್ತಿಗೆ ಪೆಟ್ರೋಲ್ ಗಾಡಿಗೆ ನಾಲ್ಕೂ ಕೂತವು. ಹೊಸ ರಬ್ಬರ್ ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ತಿರುಚದೆ ನೇರ ಒತ್ತಿದರು. ಕೀ ಆನ್ ಮಾಡಿ ಪಂಪು ಒತ್ತಡ ತುಂಬಿದ ಮೇಲೆ, ಸ್ಟಾರ್ಟ್ ಮಾಡದೆ, ಟಾರ್ಚು ಹಿಡಿದು, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲ್ ಕೊಳವೆಯ ಉದ್ದಕ್ಕೂ ತೇವ ಹುಡುಕಿದರು. ಸ್ಟಾರ್ಟ್ ಆಯಿತು. ಸ್ಕ್ಯಾನರಿನಲ್ಲಿ ಇಸಿಯು ತಿದ್ದುಪಡಿ ನೂರಕ್ಕೆ ಮೈನಸ್ ಒಂದು, ಪ್ಲಸ್ ಎರಡರ ನಡುವೆ ಆಡುತ್ತಿತ್ತು. ಗಿರಾಕಿ ಪರ್ಸ್ ತೆಗೆದರು.

"ಇವತ್ತು ಗಾಡಿ ಇಲ್ಲೇ ಇರಲಿ ಸಾರ್. ಬೆಳಿಗ್ಗೆ ಬನ್ನಿ" ಎಂದರು ಮೆಕ್ಯಾನಿಕ್.

ಕಾರಣ ಆಮೇಲೆ ನನಗೆ ವಿವರಿಸಿದರು. ಎಂಜಿನ್ ತಣ್ಣಗಿರುವಾಗ ಆಕ್ಸಿಜನ್ ಸೆನ್ಸರ್ ಇನ್ನೂ ಎಚ್ಚೆತ್ತಿರುವುದಿಲ್ಲ, ತಿದ್ದುಪಡಿ ಇಲ್ಲ. ಇಸಿಯು ತನ್ನ ನೆನಪಿನ ಪಾವನ್ನೇ ನಂಬಿ ಸುರಿಯುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜು ಕುಸಿದು ಇಂಜೆಕ್ಟರಿನ ಬಾಗಿಲು ತೆರೆಯುವುದೂ ತಡವಾಗುತ್ತದೆ. ಆ ತಡ ಎಷ್ಟೆಂಬುದು ಒಂದೊಂದು ಮಾದರಿಗೆ ಒಂದೊಂದು, ಹಳೆಯದರ ತಡವನ್ನೇ ಇಸಿಯು ಲೆಕ್ಕ ಹಿಡಿದಿರುತ್ತದೆ. ಬಿಸಿ ಗಾಡಿಯಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಏಳಕ್ಕೆ ನಾನೂ ಹೋಗಿದ್ದೆ. ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಆಕ್ಸಿಲರೇಟರ್ ಮುಟ್ಟದೆ ಅವರು ಕೀ ತಿರುಗಿಸಿದರು. ಎರಡು ಸುತ್ತು, ಮೂರನೆಯದಕ್ಕೆ ಹಿಡಿಯಿತು. ಸಾವಿರದ ಇನ್ನೂರಕ್ಕೆ ಏರಿ, ನಿಧಾನವಾಗಿ ಇಳಿದು ನಿಂತಿತು. ಅವರು ಕೆಳಗಿಳಿದು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಂತರು. ರೇಡಿಯೇಟರ್ ಫ್ಯಾನು ಒಮ್ಮೆ ತಿರುಗಿ ನಿಂತ ಮೇಲೆಯೇ ಗಿರಾಕಿಗೆ ಫೋನ್ ಮಾಡಿದ್ದು.