ದೂಧಸಾಗರಕ್ಕೆ ಒಂದು ದಿನ: ಕೊಟ್ಟಿಗೆಯ ಸಿದ್ಧತೆ ಹೀಗಿರಲಿ



ದಿನಕ್ಕೆರಡು ಹೊತ್ತು ಹಾಲು ಹಿಂಡುವ ನೀವು ‘ಹಾಲಿನ ಸಮುದ್ರ’ ಎಂಬ ಹೆಸರಿನ ಜಲಪಾತ ನೋಡಿದ್ದೀರಾ? ಬೆಳಗಾವಿಯಿಂದ ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವ ರೈಲು ದೂಧಸಾಗರದ ಎದುರೇ ಹಾಯುತ್ತದೆ. ಗೋವಾದ ಭಗವಾನ್ ಮಹಾವೀರ ಅಭಯಾರಣ್ಯದ ಕಾಡಿನಲ್ಲಿ, ಸುಮಾರು 310 ಮೀಟರ್ ಎತ್ತರದಿಂದ ನೀರು ಹಾಲಿನ ನೊರೆಯಂತೆ ಇಳಿಯುತ್ತದೆ. “ನೋಡೋ ಆಸೆ ಐತ್ರಿ ಡಾಕ್ಟರ್, ಆದ್ರ ಸಂಜಿ ಹಾಲು ಯಾರು ಹಿಂಡ್ತಾರ?” ಎಂಬುದು ನಿಮ್ಮಲ್ಲಿ ಅನೇಕರ ಮಾತು. ಅದಕ್ಕೆ ದಾರಿ ಇದೆ.

ಹೊಸ ಕೈ ರೂಢಿಯಾಗಲಿ

ಕೆಚ್ಚಲು ತೊಳೆದು ಸವರಿದಾಗ ಆಕಳ ಮೈಯಲ್ಲಿ ಹಾಲು ಇಳಿಸುವ ಹಾರ್ಮೋನು ಹುಟ್ಟುತ್ತದೆ. ಅದರ ಕೆಲಸ ಕೆಲವೇ ನಿಮಿಷ. ಹೆದರಿದರೆ ಹಾಲು ಇಳಿಯುವುದಿಲ್ಲ. ಎಮ್ಮೆ ಹೊಸಬರನ್ನು ಇನ್ನೂ ಬೇಗ ಗುರುತಿಸುತ್ತದೆ. ಆದ್ದರಿಂದ ಮನೆಯವರಾಗಲಿ, ನೆರೆಯವರಾಗಲಿ, ಒಂದು ವಾರ ಮೊದಲೇ ನಿಮ್ಮ ಜೊತೆ ಕೂತು ಹಿಂಡಲಿ. ಹೊತ್ತು, ಜಾಗ, ಕ್ರಮ ಬದಲಾಗಬಾರದು.

ಹೊರಡುವ ಮುನ್ನ

* ಕರು ಹಾಕುವ ದಿನ ಹತ್ತಿರವಿದ್ದರೆ ಪ್ರವಾಸ ಮುಂದಕ್ಕೆ ಹಾಕಿ. ಬೆದೆಗೆ ಬರುವ ದಿನವನ್ನೂ ಲೆಕ್ಕ ಹಾಕಿ. ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬರುತ್ತದೆ.
* ಎರಡು ಹೊತ್ತಿನ ಪಶು ಆಹಾರವನ್ನು ಅಳೆದು ಬೇರೆ ಬೇರೆ ಇಡಿ. ಒಮ್ಮೆಲೇ ಹೆಚ್ಚು ಹಾಕಿದರೆ ಹೊಟ್ಟೆ ಕೆಡುತ್ತದೆ.
* ಕೆಚ್ಚಲು ಬಾವಿಗೆ ಔಷಧಿ ನಡೆಯುತ್ತಿದ್ದರೆ, ವೈದ್ಯರು ಹೇಳಿದ ದಿನದವರೆಗೆ ಆ ಹಾಲು ಡೇರಿಗೆ ಹೋಗಬಾರದು. ಇದನ್ನು ಹಿಂಡುವವರಿಗೆ ಮರೆಯದೆ ತಿಳಿಸಿ.

ದಾರಿಯಲ್ಲಿ

ಮಳೆಗಾಲದಲ್ಲಿ ರೈಲಿನ ಕಿಟಕಿಯಿಂದಲೇ ನೋಡಿ. ಹಳಿಯ ಮೇಲೆ ನಡೆಯುವುದು ಅಪರಾಧ. 2023ರ ಜುಲೈನಲ್ಲಿ ಹಾಗೆ ಹೋದವರನ್ನು ರೈಲ್ವೆ ಪೊಲೀಸರು ತಡೆದಿದ್ದರು. ಮಳೆ ನಿಂತ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್‌ನಿಂದ, ಕುಲೇಂ ಊರಿನಿಂದ ಜೀಪು ಸಿಗುತ್ತದೆ. ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಕಾಡಿನಲ್ಲಿ ತರಗೆಲೆ ಮೇಲೆ ಕೂರಬೇಡಿ. ಉಣ್ಣೆ ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಗೋವಾದ ಸತ್ತರಿ ಭಾಗದಲ್ಲೂ ಕಂಡುಬಂದಿದೆ. ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು ಎಚ್ಚರ ಬೇಕು. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬಿಸಿನೀರಿನಲ್ಲಿ ನೆನೆಹಾಕಿ, ಆಮೇಲೆ ಕೊಟ್ಟಿಗೆಗೆ ಹೋಗಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಸಂಘದಲ್ಲಿ ಮಾತಾಡಿ

ಎಲ್ಲರೂ ಒಟ್ಟಿಗೆ ಹೋಗುವುದು ಕಷ್ಟ. ಎರಡು ತಂಡ ಮಾಡಿಕೊಳ್ಳಿ. ಈ ತಿಂಗಳು ಅರ್ಧ ಮಂದಿ ಹೋಗಲಿ, ಉಳಿದವರು ಅವರ ದನ ನೋಡಲಿ. ಮುಂದಿನ ತಿಂಗಳು ಅದಲು ಬದಲು. ಒಬ್ಬರ ಕೈಯನ್ನೇ ನಂಬಿದ ಕೊಟ್ಟಿಗೆ, ಆ ಒಬ್ಬರಿಗೆ ಜ್ವರ ಬಂದ ದಿನವೂ ಕಷ್ಟಕ್ಕೆ ಬೀಳುತ್ತದೆ. ಪ್ರವಾಸದ ನೆಪದಲ್ಲಿ ಇನ್ನೊಬ್ಬರು ಹಿಂಡುವುದನ್ನು ಕಲಿತರೆ, ಆ ಲಾಭ ವರ್ಷವಿಡೀ ನಿಮ್ಮದೇ.