ತಾನಾಗಿ ತಣಿಯುವ ಕಾಯಿಲೆಗೆ ಮದ್ದಿನ ಪರೀಕ್ಷೆ

ಇಟಗಿ ಕಡೆ ಯಾರಿಗಾದರೂ ಮಲದಲ್ಲಿ ರಕ್ತ ಬಿದ್ದರೆ ಮೊದಲು ಬರುವ ಮಾತು ‘ಉಷ್ಣ ಆಗೈತಿ’, ಆಮೇಲೆ ‘ಮೂಲವ್ಯಾಧಿ ಇರಬೇಕು’. ಮಜ್ಜಿಗೆ, ಎಳನೀರು, ಯಾರೋ ಕೊಟ್ಟ ಬೇರಿನ ಪುಡಿ. ಕೆಲ ವಾರಗಳಲ್ಲಿ ರಕ್ತ ನಿಂತರೆ ಪುಡಿ ಕೊಟ್ಟವರ ಹೆಸರು ಕುಕನೂರಿನ ಸಂತೆಗೂ ಮುಟ್ಟುತ್ತದೆ.

ಅದು ಅಲ್ಸರೇಟಿವ್ ಕೊಲೈಟಿಸ್ ಆಗಿದ್ದರೆ? ಈ ಕಾಯಿಲೆಯಲ್ಲಿ ದೊಡ್ಡ ಕರುಳಿನ ಒಳಪದರ ಗುದದ ಬಳಿಯಿಂದ ಮೇಲಕ್ಕೆ ಉರಿಯೂತವಾಗಿ ಹುಣ್ಣಾಗುತ್ತದೆ. ದಿನಕ್ಕೆ ಎಂಟು ಹತ್ತು ಸಲ ಸಂಡಾಸಿಗೆ ಓಡಾಟ, ರಕ್ತ, ಲೋಳೆ. ಕೆರಳಿದ್ದು ಎಷ್ಟೋ ಸಲ ತಾನಾಗಿ ತಣಿಯುತ್ತದೆ, ಮತ್ತೆ ಕೆರಳುತ್ತದೆ. ತಣಿದಾಗ ಕೈಯಲ್ಲಿ ಯಾವ ಪುಡಿ ಇತ್ತೋ ಅದಕ್ಕೇ ಕೀರ್ತಿ!

ಈ ಗೋಜಲನ್ನು ಬಿಡಿಸಿದವರು ಆಕ್ಸ್‌ಫರ್ಡ್‌ನ ವೈದ್ಯರಾದ ಟ್ರೂಲವ್ ಮತ್ತು ವಿಟ್ಸ್. 210 ರೋಗಿಗಳಲ್ಲಿ ಕೆಲವರಿಗೆ ಕಾರ್ಟಿಸೋನ್, ಉಳಿದವರಿಗೆ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಗುಳಿಗೆ. 1955ರಲ್ಲಿ ಅಂತಿಮ ವರದಿ ಬಂತು: ಕಾರ್ಟಿಸೋನ್ ಪಡೆದವರಲ್ಲಿ ನೂರಕ್ಕೆ 41 ಜನರ ಕಾಯಿಲೆ ಹತೋಟಿಗೆ ಬಂದಿತ್ತು, ಮದ್ದಿಲ್ಲದ ಗುಳಿಗೆಯವರಲ್ಲಿ 16 ಜನರದು. ನನಗೆ ಮುಖ್ಯವೆನಿಸುವುದು ಈ 16. ಅದನ್ನು ಕಳೆಯದೆ ಯಾವ ಮದ್ದನ್ನೂ ಹೊಗಳುವಂತಿಲ್ಲ.

2017ರಲ್ಲಿ ಪ್ರಕಟವಾದ, ಟೊಫಾಸಿಟಿನಿಬ್ ಎಂಬ ಗುಳಿಗೆಯ ಪರೀಕ್ಷೆಯೂ ಇದೇ ದಾರಿಯದು. ಎಂಟು ವಾರಗಳ ಕೊನೆಗೆ ಕಾಯಿಲೆ ಹತೋಟಿಗೆ ಬಂದದ್ದು ಮದ್ದು ಪಡೆದವರಲ್ಲಿ ಶೇ. 18.5 ಜನರಿಗೆ, ಮದ್ದಿಲ್ಲದ ಗುಳಿಗೆಯವರಲ್ಲಿ ಶೇ. 8.2 ಜನರಿಗೆ. ಇಷ್ಟೇನಾ ಅನ್ನಿಸಬಹುದು. ಆದರೆ ಬೇರೆ ಮದ್ದುಗಳಿಗೆ ಬಗ್ಗದವರೇ ಇದರಲ್ಲಿ ಸೇರಿದ್ದರು. ‘ಹತೋಟಿ’ ಎನ್ನಲು ರೋಗಿಯ ಮಾತಷ್ಟೇ ಸಾಲದು, ರಕ್ತ ಪೂರಾ ನಿಲ್ಲಬೇಕು, ಕೊಳವೆ ಕ್ಯಾಮೆರಾದಲ್ಲಿ ಕರುಳೂ ಮಾಗಿದ್ದು ಕಾಣಬೇಕು. ಈ ಗುಳಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಸರ್ಪಸುತ್ತಿನ ಅಪಾಯ ಹೆಚ್ಚು. ನಮ್ಮಲ್ಲಂತೂ ಒಳಗೇ ಅಡಗಿರುವ ಕ್ಷಯ ಇದೆಯೇ ಎಂದು ಮೊದಲು ನೋಡಲೇಬೇಕು.

ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದಾಗ ವೈದ್ಯರು ‘ಟ್ರಯಲ್‌ಗೆ ಸೇರ್ತೀರಾ’ ಎಂದರೆ ಗಾಬರಿ ಬೇಡ, ಅವಸರದ ಸಹಿಯೂ ಬೇಡ. ಇಂಥ ಮದ್ದಿನ ಪರೀಕ್ಷೆಗಳಿಗೆಂದೇ ನಮ್ಮ ದೇಶದಲ್ಲಿರುವ 2019ರ ನಿಯಮಗಳ ಪ್ರಕಾರ ಎಲ್ಲವನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಓದಲು ಬಾರದಿದ್ದರೆ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರು ಕೂತಿರಬೇಕು. ಮದ್ದಿನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ‘ಖಾಲಿ ಗುಳಿಗೆ ನನ್ನ ಪಾಲಿಗೆ ಬಂದು ಕಾಯಿಲೆ ಕೆರಳಿದರೆ ಏನು ಮಾಡ್ತೀರಿ?’ ಎಂದು ಕೇಳಿ. ನಡುವೆ ಬೇಡವೆನಿಸಿದರೆ ಕಾರಣ ಹೇಳದೆಯೇ ಹೊರಬರಬಹುದು. ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.