ಕೆರೆಗಳ ನಡುವಣ ಹೆದ್ದಾರಿ

ಶಿಕಾರಿಪುರದಲ್ಲಿ ಬಸ್ಸು ಹತ್ತಿ ಶಿರಾಳಕೊಪ್ಪದ ಮೇಲೆ ಸೊರಬವನ್ನು ಸೇರುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಒಂದು ಊರು ಕುಮುದ್ವತಿಯ ದಡದಲ್ಲಿದೆ, ಇನ್ನೊಂದು ದಂಡಾವತಿಯ ದಡದಲ್ಲಿದೆ. ದಂಡಾವತಿಯು ವರದೆಯನ್ನು ಕೂಡಿ, ಎರಡು ನದಿಗಳ ನೀರೂ ತುಂಗಭದ್ರೆಯಲ್ಲಿ ಒಂದಾಗಲು ಬಯಲುಸೀಮೆಯವರೆಗೆ ಅಲೆಯಬೇಕು. ಈ ದಾರಿಯಾದರೋ ಅವುಗಳ ದಡಗಳನ್ನು ಊಟದ ಹೊತ್ತಿಗೆ ಮೊದಲೇ ಕೂಡಿಸಿಬಿಡುತ್ತದೆ.

ಕಿಟಕಿಯ ಬಳಿ ಕುಳಿತ ಪ್ರಯಾಣಿಕನಿಗೆ ಗದ್ದೆ, ಅಡಕೆಯ ತೋಟ, ಮತ್ತೆ ಮತ್ತೆ ಕೆರೆ ಕಾಣುತ್ತವೆ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಹೋಬಳಿಯತ್ತ ಹೊರಳಿದರೂ ನೋಟ ಇದೇ. ಮೈಲುಗಲ್ಲುಗಳು ದೂರವನ್ನು ಹೇಳುತ್ತವೆಯೇ ಹೊರತು ನೆಲದ ಕಥೆಯನ್ನು ಹೇಳವು. ಅದನ್ನು ಹೇಳುವ ಕಲ್ಲುಗಳು ಬೇರೆ ಇವೆ. ಅವು ಹೆಚ್ಚಾಗಿ ನೀರಿನ ಮಗ್ಗುಲಲ್ಲಿವೆ.

ಶಿರಾಳಕೊಪ್ಪದ ಸಮೀಪದ ತಾಳಗುಂದದ ಸ್ತಂಭಶಾಸನವನ್ನು ನೋಡಿ. ಮಯೂರಶರ್ಮನು ವಿದ್ಯೆಗಾಗಿ ಕಂಚಿಗೆ ಹೋದುದು, ಪಲ್ಲವರ ಕುದುರೆಸವಾರನೊಡನೆ ಕಲಹವಾದುದು, ಅವನು ಶಸ್ತ್ರ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದುದು ನಮಗೆ ತಿಳಿದಿರುವುದು ಇದರಿಂದಲೇ. ಆದರೆ 5ನೆಯ ಶತಮಾನದಲ್ಲಿ ಕುಬ್ಜನೆಂಬ ಕವಿಯು ಇದನ್ನು ರಚಿಸಿದ್ದು ಯುದ್ಧವೊಂದರ ನೆನಪಿಗಲ್ಲ. ಕಾಕುಸ್ಥವರ್ಮನು ಅಲ್ಲಿ ಕೆರೆ ಕಟ್ಟಿಸಿದ ನೆನಪಿಗೆ! ರಾಜ್ಯದ ಚರಿತ್ರೆ ಉಳಿದದ್ದು ಕೆರೆಯ ನೆಪದಿಂದ.

ಹತ್ತಿರದ ಬಳ್ಳಿಗಾವಿಯ ಕೋಡಿಯಮಠಕ್ಕೆ ಆ ಹೆಸರು ಬಂದುದೂ ಕೆರೆಯ ಕೋಡಿಯ ಬಳಿ ಇದ್ದುದರಿಂದಲೇ. ಅಲ್ಲಿ ವೇದ ವ್ಯಾಕರಣಗಳ ಪಾಠವಿತ್ತು. ಕುರುಡರಿಗೆ, ಕುಂಟರಿಗೆ, ದಿಕ್ಕಿಲ್ಲದವರಿಗೆ ಅನ್ನವಿತ್ತು. ರೋಗಿಗಳಿಗೆ ಔಷಧವಿತ್ತು ಎಂದು 1162ರ ಶಾಸನ ಸಾರುತ್ತದೆ. ಜೈನ ಬೌದ್ಧ ಭಿಕ್ಷುಗಳಿಗೂ ಆ ಬಾಗಿಲು ತೆರೆದಿತ್ತು.

ಸೊರಬದ ಸೀಮೆಯಲ್ಲಿ ವೀರಗಲ್ಲುಗಳಿಗೆ ಲೆಕ್ಕವುಂಟೆ? ತುರುಗಳನ್ನು ಬಿಡಿಸಲು, ಹೆಣ್ಣಿನ ಮಾನ ಕಾಯಲು ಹೋರಾಡಿ ಮಡಿದ ಸಾಮಾನ್ಯರ ಕಲ್ಲುಗಳಿವು. ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಬಿ. ಎಲ್. ರೈಸರು 1902 ಮತ್ತು 1904ರ ಶಾಸನ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಬರಹಗಳನ್ನು ಅಚ್ಚು ಹಾಕಿಸಿದರು. ಬರಹ ಗ್ರಂಥಾಲಯ ಸೇರಿತು. ಕಲ್ಲು ಬಿಸಿಲುಮಳೆಯಲ್ಲೇ ಉಳಿಯಿತು.

ಹಳ್ಳಿಯ ಬಾಣಂತಿ ಆಸ್ಪತ್ರೆಗೆ, ಹುಡುಗಿ ಕಾಲೇಜಿಗೆ ಹೋಗಬೇಕಾದರೆ ಒಳ್ಳೆಯ ರಸ್ತೆ ಬೇಕೇ ಬೇಕು; ಅದು ಅಗಲವಾಗಲಿ. ಆದರೆ ದಾರಿಯನ್ನು ಎತ್ತರಿಸುವಾಗ ತಕ್ಕಷ್ಟು ಮೋರಿಗಳನ್ನು ಬಿಡದಿದ್ದರೆ ಇಳಿಜಾರಿನ ಮಳೆನೀರು ಅಲ್ಲಿಯೇ ತಡೆದು, ಕೆಳಗಿನ ಕೆರೆ ಬರಿದಾಗುತ್ತದೆ. ಅಂಚಿನ ಕಲ್ಲನ್ನು ಗುರುತಿಸದೆ ಅಗೆದರೆ, ಸಾವಿರ ವರ್ಷ ನಿಂತ ವೀರ ಜಲ್ಲಿಯಾಗುತ್ತಾನೆ. ಅಂದಾಜುಪಟ್ಟಿಯಲ್ಲಿ ಮೋರಿಗೊಂದು ಸಾಲು, ಕಲ್ಲಿಗೊಂದು ಸಾಲು ಸೇರಿಸುವುದು ಭಾರವಾದೀತೆ?

ವಾಚಕರು ಈ ದಾರಿಯಲ್ಲಿ ಹೋದಾಗ ಒಂದು ಬಸ್ಸನ್ನು ತಪ್ಪಿಸಿಕೊಂಡು ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆಯಲಿ. ಮುಂದಿನ ಬಸ್ಸು ಬಂದೇ ಬರುತ್ತದೆ.